ಕರೆಂಟು ಹೋದ ರಾತ್ರಿ ಸಿಪ್ಯಾಪ್ ನಿಲ್ಲದಿರಲು ಏನು ಮಾಡಬೇಕು? ಬ್ಯಾಟರಿ ಲೆಕ್ಕ ಇಲ್ಲಿದೆ

ಭೇರ್ಯ: ಮಳೆಗಾಲ ಶುರುವಾದರೆ ನಮ್ಮ ಕಡೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಗಾಳಿಗೆ ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಾಕು, ರಾತ್ರಿಯೆಲ್ಲ ಕತ್ತಲು. ಎಚ್.ಡಿ.ಕೋಟೆಯ ಕಾಡಂಚಿನ ಊರುಗಳಲ್ಲಂತೂ ಲೈನ್ ಎಲ್ಲಿ ಕಟ್ ಆಗಿದೆ ಅಂತ ಹುಡುಕೋದೇ ದೊಡ್ಡ ಕೆಲಸ. ಫ್ಯಾನ್ ಇಲ್ಲದೆ, ಟಿ.ವಿ. ಇಲ್ಲದೆ ಹೇಗೋ ಒಂದು ರಾತ್ರಿ ಕಳೆಯಬಹುದು. ಆದರೆ ಮೂಗಿಗೆ ಮಾಸ್ಕ್ ಹಾಕಿಕೊಂಡು, ಯಂತ್ರದ ಗಾಳಿಯ ಬಲದಿಂದಲೇ ನಿದ್ದೆ ಮಾಡುವವರು ಏನು ಮಾಡಬೇಕು?

ಇಂಥವರು ಈಗ ನಮ್ಮ ತಾಲ್ಲೂಕುಗಳಲ್ಲೂ ಇದ್ದಾರೆ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ, ನಮ್ಮ ತಂದೆ. ಯಂತ್ರ ಮನೆಗೆ ಬಂದ ಮೊದಲ ಮಳೆಗಾಲದಲ್ಲಿ ನಾವು ಮಾಡಿದ ತಪ್ಪು ಒಂದೆರಡಲ್ಲ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಇನ್ನೇನು ಚಿಂತೆ ಅಂದುಕೊಂಡಿದ್ದೆವು. ಮೊದಲ ರಾತ್ರಿಯೇ ಅಡಾಪ್ಟರ್ ಗುಂಯ್ ಅಂತ ಸದ್ದು ಮಾಡಿ ಬಿಸಿಯಾಯಿತು. ಇನ್ನೊಂದು ರಾತ್ರಿ ಎರಡೂವರೆಗೆ ಬ್ಯಾಟರಿಯೇ ಖಾಲಿ. ಎರಡು ವಾರ ಯಂತ್ರವನ್ನು ಮೂಲೆಗಿಟ್ಟಿದ್ದೂ ಆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ತಪ್ಪು ಯಂತ್ರದ್ದಲ್ಲ, ನಮ್ಮದೇ. ಹಾಗಾಗಿ ಈ ಬರಹ. ಯಂತ್ರ ಬಳಸುವವರಿಗೆ, ಅವರ ಮನೆಯವರಿಗೆ, ಜೊತೆಗೆ ಬ್ಯಾಟರಿ–ಇನ್ವರ್ಟರ್ ಮಾರುವ ನಮ್ಮ ಅಂಗಡಿಯವರಿಗೂ ಉಪಯೋಗಕ್ಕೆ ಬರಲಿ.

ಏನಿದು ಸ್ಲೀಪ್ ಆಪ್ನಿಯಾ?

ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಿಗೆ ಅದು ಎಷ್ಟರ ಮಟ್ಟಿಗೆ ಅಂದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತೆ. ಜೋರು ಗೊರಕೆ, ಆಮೇಲೆ ಒಮ್ಮೆಲೇ ಮೌನ, ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚೋ ಉಸಿರೇ ಇಲ್ಲ. ಕೊನೆಗೆ ದೇಹ ಗಾಬರಿಯಾಗಿ ಗಕ್ಕನೆ ಉಸಿರೆಳೆದುಕೊಳ್ಳುತ್ತೆ. ಮಲಗಿದವರಿಗೆ ಇದು ಗೊತ್ತೇ ಆಗಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಾಗುತ್ತೆ. ಗಂಟೆಗೆ ಇಂಥ ತಡೆ 5ರಿಂದ 15 ಸಲ ಆದರೆ ಸಾಧಾರಣ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ ಅಂತ ವೈದ್ಯರು ಲೆಕ್ಕ ಹಾಕುತ್ತಾರೆ. ಬೆಳಿಗ್ಗೆ ತಲೆನೋವು, ಹಗಲು ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಕೂತಲ್ಲೇ ತೂಕಡಿಕೆ, ಬೈಕಿನಲ್ಲಿ ಹೋಗುವಾಗ ಕಣ್ಣೆಳೆಯೋದು, ಹತೋಟಿಗೆ ಬಾರದ ಬಿ.ಪಿ. ಇವೆಲ್ಲ ಅದರ ಲಕ್ಷಣಗಳು. ಮೈಸೂರು–ಹಾಸನ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸುವವರು ಇದನ್ನು ‘ಬರೀ ಗೊರಕೆ’ ಅಂತ ಬಿಡಬಾರದು.

ಇದಕ್ಕೆ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಆಸ್ಟ್ರೇಲಿಯಾದ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದರ ಬಗ್ಗೆ ಮೊದಲು ಪ್ರಕಟಿಸಿದರು. ತತ್ವ ತುಂಬ ಸರಳ. ಒಂದು ಪುಟ್ಟ ಮೋಟರ್ ಕೋಣೆಯ ಗಾಳಿಯನ್ನೇ ಎಳೆದು ಸ್ವಲ್ಪ ಒತ್ತಡದಲ್ಲಿ ಮಾಸ್ಕಿನ ಮೂಲಕ ಬಿಡುತ್ತೆ. ಆ ಒತ್ತಡಕ್ಕೆ ಗಂಟಲು ಮುಚ್ಚದೆ ತೆರೆದೇ ಇರುತ್ತೆ. ಇದು ಆಮ್ಲಜನಕದ ಯಂತ್ರ ಅಲ್ಲ. ಕೊರೊನಾ ಕಾಲದಲ್ಲಿ ನೋಡಿದ ಆಕ್ಸಿಜನ್ ಕಾನ್ಸಂಟ್ರೇಟರ್ ಬೇರೆ, ಇದು ಬೇರೆ. ಬ್ಯಾಟರಿ ಲೆಕ್ಕದಲ್ಲಂತೂ ಆ ಎರಡಕ್ಕೂ ಅಜಗಜಾಂತರ. ಕಾನ್ಸಂಟ್ರೇಟರ್ 300 ವ್ಯಾಟ್‌ಗೂ ಮೇಲೆ ಎಳೆಯುತ್ತೆ, ಸಿಪ್ಯಾಪ್ ಅದರ ಹತ್ತನೇ ಒಂದು ಭಾಗದಲ್ಲೂ ನಡೆಯುತ್ತೆ.

ಯಂತ್ರ ಎಷ್ಟು ಕರೆಂಟು ತಿನ್ನುತ್ತೆ?

ಅಡಾಪ್ಟರ್ ಮೇಲೆ 65 ವ್ಯಾಟ್, 80 ವ್ಯಾಟ್, 90 ವ್ಯಾಟ್ ಅಂತ ಬರೆದಿರುತ್ತೆ. ಅದನ್ನು ನೋಡಿ ಹೆದರಬೇಡಿ. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ ಶಕ್ತಿ, ರಾತ್ರಿಯಿಡೀ ತಿನ್ನುವ ಲೆಕ್ಕ ಅಲ್ಲ. ಬರೀ ಗಾಳಿ ಊದುವ ಮೋಟರ್‌ಗೆ ಸುಮಾರು 10ರಿಂದ 20 ವ್ಯಾಟ್ ಸಾಕು. ಒಂದು ಸಣ್ಣ ಎಲ್‌ಇಡಿ ಬಲ್ಬ್ ಲೆಕ್ಕ ಅಷ್ಟೆ.

ಹಾಗಾದರೆ ಹೆಚ್ಚು ತಿನ್ನೋದು ಯಾವುದು? ಹ್ಯುಮಿಡಿಫೈಯರ್. ಯಂತ್ರದ ಪಕ್ಕದ ನೀರಿನ ಡಬ್ಬಿಯ ಕೆಳಗೆ ಒಂದು ಬಿಸಿ ತಟ್ಟೆ ಇರುತ್ತೆ. ಮೂಗು ಒಣಗದಿರಲಿ ಅಂತ ಅದು ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಸೇರಿಸುತ್ತೆ. ಕೆಲವು ಯಂತ್ರಗಳಲ್ಲಿ ಪೈಪು ಕೂಡ ಬಿಸಿಯಾಗುತ್ತೆ. ಇವೆರಡೂ ಆನ್ ಇದ್ದರೆ ಒಟ್ಟು ಬಳಕೆ 40ರಿಂದ 60 ವ್ಯಾಟ್‌ವರೆಗೆ ಹೋಗಬಹುದು. ಅಂದರೆ ಮೂರು ಪಟ್ಟು, ನಾಲ್ಕು ಪಟ್ಟು. ಆದ್ದರಿಂದ ಬ್ಯಾಟರಿ ಮೇಲೆ ಓಡಿಸುವಾಗ ಮೊದಲ ಪಾಠ ಇಷ್ಟೆ: ಹ್ಯುಮಿಡಿಫೈಯರ್ ಆಫ್, ಪೈಪಿನ ಬಿಸಿ ಆಫ್. ಡಬ್ಬಿಯಲ್ಲಿ ತಣ್ಣೀರು ಇದ್ದರೂ ಸ್ವಲ್ಪ ತೇವ ಸಿಗುತ್ತೆ. ಒಂದೆರಡು ರಾತ್ರಿ ಮೂಗು ಸ್ವಲ್ಪ ಒಣಗಿದರೂ ಉಸಿರು ನಿಲ್ಲೋದಕ್ಕಿಂತ ವಾಸಿ ಅಲ್ವೇ?

ನಿಮ್ಮ ಯಂತ್ರ ನಿಜವಾಗಿ ಎಷ್ಟು ತಿನ್ನುತ್ತೆ ಅಂತ ಮನೆಯ ಮೀಟರ್‌ನಲ್ಲೇ ನೋಡಬಹುದು. ಈಗಿನ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಒಂದು ಕೆಂಪು ದೀಪ ಮಿಣುಕುತ್ತಾ ಇರುತ್ತೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಮೀಟರ್ ಮೇಲೇ ಅಂಕಿ ಬರೆದಿರುತ್ತೆ. 3200 ಅಂತಿದೆ ಅಂದುಕೊಳ್ಳಿ. ಕರೆಂಟು ಇದ್ದಾಗ ಇನ್ವರ್ಟರ್, ಫ್ರಿಡ್ಜ್, ಲೈಟು ಎಲ್ಲ ಆಫ್ ಮಾಡಿ, ಮಾಸ್ಕ್ ಹಾಕಿಕೊಂಡು ಯಂತ್ರವನ್ನು ನೇರ ಕರೆಂಟಿನಲ್ಲಿ ಓಡಿಸಿ. ಕಾಲು ಗಂಟೆಯಲ್ಲಿ 12 ಸಲ ಮಿಣುಕಿದರೆ ಬಳಕೆ ಸುಮಾರು 15 ವ್ಯಾಟ್. 40 ಸಲ ಮಿಣುಕಿದರೆ 50 ವ್ಯಾಟ್. ಮಾಸ್ಕ್ ಹಾಕದೆ ಅಳೆಯಬೇಡಿ. ಗಾಳಿ ಸೋರಿದರೆ ಮೋಟರ್ ಜೋರಾಗಿ ತಿರುಗಿ ಲೆಕ್ಕ ತಪ್ಪುತ್ತೆ.

ಗೃಹಜ್ಯೋತಿಯ ಮಿತಿ ದಾಟುತ್ತಾ ಅಂತ ಕೇಳುವವರಿಗೂ ಉತ್ತರ ಇಲ್ಲೇ ಇದೆ. ದಿನಕ್ಕೆ 8 ಗಂಟೆ, 15 ವ್ಯಾಟ್ ಅಂದರೆ ತಿಂಗಳಿಗೆ ನಾಲ್ಕು ಯೂನಿಟ್ ಕೂಡ ಆಗಲ್ಲ. ಹ್ಯುಮಿಡಿಫೈಯರ್ ಸೇರಿ 50 ವ್ಯಾಟ್ ಆದರೆ ಸುಮಾರು 12 ಯೂನಿಟ್.

ಮನೆಯ ಇನ್ವರ್ಟರ್ ಸಾಕಾ?

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇರೋದು 12 ವೋಲ್ಟ್, 150 ಆಂಪಿಯರ್ ಅವರ್‌ನ ಒಂದು ಟ್ಯೂಬುಲರ್ ಬ್ಯಾಟರಿ. 12 ಗುಣಿಸು 150, ಒಟ್ಟು 1800 ವ್ಯಾಟ್ ಅವರ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಆಯಸ್ಸು ಕಡಿಮೆಯಾಗುತ್ತೆ. ಅರ್ಧ ಬಳಸೋದು ಒಳ್ಳೇದು. ಅಂದರೆ ಕೈಗೆ ಸಿಗೋದು 900.

ಇಲ್ಲಿ ಬಹಳ ಜನ ಮರೆಯುವ ಒಂದು ವಿಷಯ ಇದೆ. ಇನ್ವರ್ಟರ್ ತಾನು ಆನ್ ಇರೋದಕ್ಕೇ ಸುಮಾರು 10ರಿಂದ 20 ವ್ಯಾಟ್ ತಿನ್ನುತ್ತೆ. ಮೇಲಿಂದ, ಬ್ಯಾಟರಿಯ ಕರೆಂಟನ್ನು 230 ವೋಲ್ಟ್‌ಗೆ ಏರಿಸುವಾಗ ನೂರಕ್ಕೆ ಹದಿನೈದರಷ್ಟು ಸೋರಿಕೆ. ಇದನ್ನೆಲ್ಲ ಸೇರಿಸಿ ಎಂಟು ಗಂಟೆ ರಾತ್ರಿಗೆ ಅಂದಾಜು ಲೆಕ್ಕ ಹೀಗಿದೆ:

• ಬರೀ ಯಂತ್ರ (15 ವ್ಯಾಟ್): ಸುಮಾರು 260 ವ್ಯಾಟ್ ಅವರ್. ಮೂರು ರಾತ್ರಿ ಬರುತ್ತೆ.
• ಯಂತ್ರ ಮತ್ತು ಹ್ಯುಮಿಡಿಫೈಯರ್ (50 ವ್ಯಾಟ್): ಸುಮಾರು 590. ಒಂದೂವರೆ ರಾತ್ರಿ.
• ಯಂತ್ರ ಮತ್ತು ಹಳೇ ಮಾದರಿಯ 75 ವ್ಯಾಟ್ ಫ್ಯಾನ್: ಸುಮಾರು 970. ಬೆಳಗಿನ ಜಾವಕ್ಕೆ ಅರ್ಧ ದಾಟಿರುತ್ತೆ.
• ಯಂತ್ರ, ಹ್ಯುಮಿಡಿಫೈಯರ್, ಹಳೇ ಫ್ಯಾನ್ ಮೂರೂ: ಸುಮಾರು 1300. ಐದೂವರೆ ಗಂಟೆಗೇ 900 ಮುಗಿಯುತ್ತೆ.
• ಯಂತ್ರ ಮತ್ತು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್: ಸುಮಾರು 550. ಆರಾಮಾಗಿ ಒಂದು ರಾತ್ರಿ.

ಈಗ ನೋಡಿ, ಬ್ಯಾಟರಿ ಖಾಲಿ ಮಾಡ್ತಿದ್ದದ್ದು ಸಿಪ್ಯಾಪ್ ಅಲ್ಲ, ಫ್ಯಾನು! ನಮ್ಮ ಮನೆಯಲ್ಲಿ ರಾತ್ರಿ ಎರಡೂವರೆಗೆ ಬ್ಯಾಟರಿ ಕೈಕೊಟ್ಟಿದ್ದಕ್ಕೆ ಕಾರಣ ಮೂರು ಕೋಣೆಯ ಮೂರು ಫ್ಯಾನು, ಜೊತೆಗೆ ಐದು ವರ್ಷದ ಹಳೇ ಬ್ಯಾಟರಿ. ಹಳೆಯದಾದ ಬ್ಯಾಟರಿ ಮೇಲೆ 150 ಅಂತ ಬರೆದಿದ್ದರೂ ಒಳಗೆ ಅಷ್ಟು ಉಳಿದಿರಲ್ಲ. ಆದ್ದರಿಂದ ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಬೇಕಂತಲೇ ಇನ್ವರ್ಟರ್‌ಗೆ ಹೋಗುವ ಮೈನ್ ಆಫ್ ಮಾಡಿ, ಯಂತ್ರ ಓಡಿಸಿ ಪರೀಕ್ಷೆ ಮಾಡಿ. ಮಧ್ಯರಾತ್ರಿ ಕತ್ತಲಲ್ಲಿ ಗೊತ್ತಾಗೋದಕ್ಕಿಂತ ಹೀಗೆ ಗೊತ್ತಾಗೋದು ಮೇಲು.

ಇನ್ನೊಂದು ಮಾತು. ಖಾಲಿಯಾದ 150ರ ಬ್ಯಾಟರಿ ಪೂರ್ತಿ ತುಂಬಲು ಹತ್ತರಿಂದ ಹನ್ನೆರಡು ಗಂಟೆ ಕರೆಂಟು ಬೇಕು. 2023ರ ಅಕ್ಟೋಬರ್‌ನಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲೆಲ್ಲ ವಿದ್ಯುತ್ ಅಭಾವ ಆಗಿ, ಪಂಪ್‌ಸೆಟ್‌ಗೆ ಐದು ಗಂಟೆ ತ್ರೀ ಫೇಸ್ ಅಂತ ಆಗಿದ್ದು ರೈತರಿಗೆ ನೆನಪಿರಬೇಕು. ಅಂಥ ಕಾಲದಲ್ಲಿ ಮನೆ ಕರೆಂಟೂ ಬಂದು ಹೋಗಿ ಆಡಿದರೆ ಬ್ಯಾಟರಿ ಯಾವತ್ತೂ ಅರ್ಧಂಬರ್ಧವೇ. ಮೊದಲ ರಾತ್ರಿ ಬಂದ ಲೆಕ್ಕ ಮೂರನೇ ರಾತ್ರಿ ಬರಲ್ಲ. ಅಂಥ ದಿನಗಳಲ್ಲಿ ಸಂಜೆಯಿಂದಲೇ ಟಿ.ವಿ., ಬೇರೆ ಫ್ಯಾನು ಇನ್ವರ್ಟರ್ ಮೇಲೆ ಓಡಿಸದೆ ರಾತ್ರಿಗೆ ಉಳಿಸಿಕೊಳ್ಳಿ.

ಸ್ಕ್ವೇರ್ ವೇವ್ ಬೇಡ, ಸೈನ್ ವೇವ್ ಇರಲಿ

ಇನ್ವರ್ಟರ್‌ಗಳಲ್ಲಿ ಎರಡು ಜಾತಿ. ಕಡಿಮೆ ಬೆಲೆಯ ಸ್ಕ್ವೇರ್ ವೇವ್, ಸ್ವಲ್ಪ ಜಾಸ್ತಿ ಬೆಲೆಯ ಪ್ಯೂರ್ ಸೈನ್ ವೇವ್. ಮನೆಗೆ ಬರುವ ಕರೆಂಟು ಅಲೆಯಂತೆ ನಯವಾಗಿ ಏರಿ ಇಳಿಯುತ್ತೆ. ಸ್ಕ್ವೇರ್ ವೇವ್‌ನದು ಮೆಟ್ಟಿಲಿನಂತೆ ಧಡಕ್ಕನೆ ಏರಿ ಧಡಕ್ಕನೆ ಇಳಿಯುವ ಕರೆಂಟು. ಬಲ್ಬಿಗೆ ನಡೆದೀತು. ಆದರೆ ಸಿಪ್ಯಾಪ್ ಅಡಾಪ್ಟರ್, ಅದರಲ್ಲೂ ಹ್ಯುಮಿಡಿಫೈಯರ್ ಇರುವ ಯಂತ್ರ, ಇದರಲ್ಲಿ ಬಿಸಿಯಾಗಿ ಹಾಳಾಗುವ ಅಪಾಯ ಇದೆ. ನಮ್ಮ ಅಡಾಪ್ಟರ್ ಗುಂಯ್ ಅಂದಿದ್ದು ಇದಕ್ಕೇ. ಹತ್ತಾರು ಸಾವಿರದ ಯಂತ್ರಕ್ಕೆ ಒಂದೆರಡು ಸಾವಿರ ಉಳಿಸಲು ಹೋಗಿ ಕೈಸುಟ್ಟುಕೊಳ್ಳಬೇಡಿ.

ಇನ್ವರ್ಟರ್ ಹಿಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಂತ ಒಂದು ಸ್ವಿಚ್ ಸಾಮಾನ್ಯವಾಗಿ ಇರುತ್ತೆ. ಅದನ್ನು ಯುಪಿಎಸ್‌ಗೆ ಹಾಕಿ. ಕರೆಂಟು ಹೋದಾಗ ಬ್ಯಾಟರಿಗೆ ಬೇಗ ಬದಲಾಗುತ್ತೆ, ಯಂತ್ರ ನಿಲ್ಲೋದಿಲ್ಲ. ಬದಲಾಗೋದು ನಿಧಾನವಾದರೆ ಯಂತ್ರ ಆಫ್ ಆಗಿ, ಕೆಲವು ಸಲ ತಾನಾಗಿ ಮತ್ತೆ ಶುರುವಾಗಲ್ಲ. ಮಲಗಿದವರಿಗೆ ಅದು ಗೊತ್ತೂ ಆಗಲ್ಲ.

ಇನ್ವರ್ಟರ್ ಇಲ್ಲದೆ ನೇರ ಬ್ಯಾಟರಿಗೆ

ಯಂತ್ರ ಒಳಗೆ ನಡೆಯೋದು ಡಿಸಿ ಕರೆಂಟಿನಲ್ಲೇ. 12 ವೋಲ್ಟ್ ಡಿಸಿಯನ್ನು 230 ಎಸಿ ಮಾಡಿ, ಅಡಾಪ್ಟರ್ ಮತ್ತೆ ಅದನ್ನು ಡಿಸಿ ಮಾಡೋದು ಅಂದರೆ ಬಾವಿ ನೀರನ್ನು ಮಾಳಿಗೆಗೆ ಹೊತ್ತು ಮತ್ತೆ ಅಂಗಳಕ್ಕೆ ಇಳಿಸಿದ ಹಾಗೆ. ನೇರ ಡಿಸಿ ಕೊಟ್ಟರೆ ಆ ನಷ್ಟದ ಬಹುಪಾಲು ಉಳಿಯುತ್ತೆ.

ಆದರೆ ಇಲ್ಲಿ ಜಾಗ್ರತೆ ಬೇಕು. ಎಲ್ಲ ಯಂತ್ರದ ವೋಲ್ಟೇಜ್ ಒಂದೇ ಅಲ್ಲ. ಉದಾಹರಣೆಗೆ ರೆಸ್‌ಮೆಡ್ ಕಂಪನಿಯ ಏರ್‌ಸೆನ್ಸ್ 10 ಯಂತ್ರಕ್ಕೆ 24 ವೋಲ್ಟ್ ಬೇಕು, ಫಿಲಿಪ್ಸ್ ಡ್ರೀಮ್‌ಸ್ಟೇಷನ್‌ಗೆ 12 ವೋಲ್ಟ್. ಅಡಾಪ್ಟರ್ ಮೇಲೆ ‘ಔಟ್‌ಪುಟ್’ ಅಂತ ಇರುವ ಸಾಲು ಓದಿ. 24 ವೋಲ್ಟ್ ಯಂತ್ರವನ್ನು 12 ವೋಲ್ಟ್ ಬ್ಯಾಟರಿಗೆ ಸೇರಿಸಲು ವೋಲ್ಟೇಜ್ ಏರಿಸುವ ಡಿಸಿ ಕನ್ವರ್ಟರ್ ಬೇಕು, ಆ ಯಂತ್ರಕ್ಕೆಂದೇ ಕಂಪನಿಯವರು ಮಾರುತ್ತಾರೆ. 12 ವೋಲ್ಟ್ ಯಂತ್ರಕ್ಕೂ ಫ್ಯೂಸ್ ಇರುವ ಸರಿಯಾದ ಕೇಬಲ್ಲೇ ಬೇಕು. ಅಡಾಪ್ಟರ್ ವೈರ್ ಕತ್ತರಿಸಿ ಕ್ಲಿಪ್ ಹಾಕಿ ‘ಜುಗಾಡ್’ ಮಾಡೋದು ಬೇಡವೇ ಬೇಡ. ಪ್ಲಸ್ಸು ಮೈನಸ್ಸು ಒಂದು ಸಲ ಉಲ್ಟಾ ಆದರೆ ಯಂತ್ರ ಮುಗೀತು.

ಇದಕ್ಕೆ ಈಗ ಒಳ್ಳೆಯ ದಾರಿ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಹಗುರ, ನೀರು ಹಾಕುವ ಕೆಲಸ ಇಲ್ಲ, ನೂರಕ್ಕೆ ಎಂಬತ್ತರಷ್ಟು ಧೈರ್ಯವಾಗಿ ಬಳಸಬಹುದು. 12.8 ವೋಲ್ಟ್, 20 ಆಂಪಿಯರ್ ಅವರ್‌ನ ಒಂದು ಪ್ಯಾಕ್ ಅಂದರೆ 256 ವ್ಯಾಟ್ ಅವರ್. ನಷ್ಟ ಎಲ್ಲ ಕಳೆದು 15 ವ್ಯಾಟ್ ಯಂತ್ರಕ್ಕೆ ಹನ್ನೆರಡು ಗಂಟೆ ಬರುತ್ತೆ. ಹ್ಯುಮಿಡಿಫೈಯರ್ ಆನ್ ಮಾಡಿದರೆ ಮೂರೂವರೆ ಗಂಟೆಗೇ ಮುಗಿಯುತ್ತೆ. ಇದಕ್ಕೆ ಲಿಥಿಯಂ ಚಾರ್ಜರ್ರೇ ಬೇಕು, ಹಳೇ ಚಾರ್ಜರ್ ಹಾಕಬೇಡಿ.

ಕಾರಿನ ಬ್ಯಾಟರಿ ಆಗಲ್ವಾ ಅಂತ ಕೇಳಬಹುದು. ಒಂದು ರಾತ್ರಿಯ ತುರ್ತಿಗೆ ಆದೀತು. ಆದರೆ ಅದು ಎಂಜಿನ್ ಸ್ಟಾರ್ಟ್ ಮಾಡಲು ಒಮ್ಮೆಲೇ ಕರೆಂಟು ಕೊಡಲು ಮಾಡಿದ್ದು, ರಾತ್ರಿಯಿಡೀ ನಿಧಾನವಾಗಿ ಬಳಸಲು ಅಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಕಾರೇ ಸ್ಟಾರ್ಟ್ ಆಗದೆ ಇರಬಹುದು. ಶೆಡ್ ಬಾಗಿಲು ಮುಚ್ಚಿ ಕಾರು ಓಡಿಸಿ ಚಾರ್ಜ್ ಮಾಡೋದಂತೂ ಪ್ರಾಣಕ್ಕೇ ಕುತ್ತು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಜನರೇಟರ್‌ಗೂ ಇದೇ ಮಾತು.

ಬ್ಯಾರನ್ ಕಾವಲು, ಬೆಟ್ಟದ ಯಾತ್ರೆ

ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ ಹತ್ತಿರವೇ ಮಲಗುವವರಿದ್ದಾರೆ. ಹೊಗೆ, ಬೂದಿ ಇರುವ ಕಡೆ ಯಂತ್ರ ಇಟ್ಟರೆ ಅದು ಆ ಗಾಳಿಯನ್ನೇ ಎಳೆದು ಶ್ವಾಸಕೋಶಕ್ಕೆ ಬಿಡುತ್ತೆ. ಬೆಂಕಿಯಿಂದ ದೂರ, ಗಾಳಿ ಚೆನ್ನಾಗಿರುವ ಕಡೆ ಮಲಗಿ, ಫಿಲ್ಟರ್ ಆಗಾಗ ನೋಡಿ. ಕಾವಲಿನ ಸರದಿಯನ್ನು ಮನೆಯ ಬೇರೆಯವರಿಗೆ ಕೊಡೋದು ಇನ್ನೂ ಒಳ್ಳೇದು.

ಧರ್ಮಸ್ಥಳ, ಮಾದಪ್ಪನ ಬೆಟ್ಟಕ್ಕೆ ಹೋಗುವವರು ಸಣ್ಣ ಲಿಥಿಯಂ ಪ್ಯಾಕ್ ಒಯ್ಯಬಹುದು. ಹೊರಡುವ ಮುಂಚೆ ನೀರಿನ ಡಬ್ಬಿ ಖಾಲಿ ಮಾಡೋದು ಮರೆಯಬೇಡಿ. ಬಸ್ಸಿನ ಕುಲುಕಾಟಕ್ಕೆ ನೀರು ಮೋಟರ್‌ಗೆ ನುಗ್ಗಿದರೆ ರಿಪೇರಿ ದುಬಾರಿ. ಮಕ್ಕಳನ್ನು ನೋಡಲು ವಿಮಾನದಲ್ಲಿ ಹೋಗುವವರಿಗೆ ಒಂದು ನಿಯಮ: ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದಕ್ಕೂ ಮೇಲಿನದನ್ನು ಬಿಡಲ್ಲ. ಅಂದರೆ ಮೇಲೆ ಹೇಳಿದ 256ರ ಪ್ಯಾಕ್ ವಿಮಾನಕ್ಕೆ ಆಗಲ್ಲ.

ಅಂಗಡಿಯವರಿಗೆ ನಾಲ್ಕು ಮಾತು

ಗಿರಾಕಿ ಬಂದು ‘ಉಸಿರಾಟದ ಮಿಷನ್‌ಗೆ ಬ್ಯಾಟರಿ ಬೇಕು’ ಅಂದರೆ ದೊಡ್ಡ ಬ್ಯಾಟರಿ ತೋರಿಸುವ ಮುಂಚೆ ಇಷ್ಟು ಕೇಳಿ. ಯಂತ್ರ ಯಾವುದು, ಸಿಪ್ಯಾಪ್ಪೋ, ಬೈಪ್ಯಾಪ್ಪೋ, ಆಕ್ಸಿಜನ್ನೋ? ಅಡಾಪ್ಟರ್ ಔಟ್‌ಪುಟ್ ಎಷ್ಟು ವೋಲ್ಟ್? ಅದೇ ಇನ್ವರ್ಟರ್ ಮೇಲೆ ರಾತ್ರಿ ಎಷ್ಟು ಫ್ಯಾನು ಓಡುತ್ತೆ? ಈಗಿರುವ ಇನ್ವರ್ಟರ್ ಸೈನ್ ವೇವ್ ಹೌದೋ ಅಲ್ಲವೋ? ಎಷ್ಟೋ ಸಲ ಹೊಸ ಬ್ಯಾಟರಿ ಬೇಕಾಗಿರಲ್ಲ, ಒಂದು ಬಿಎಲ್‌ಡಿಸಿ ಫ್ಯಾನ್ ಸಾಕಾಗಿರುತ್ತೆ. ನಿಜ ಹೇಳಿ ಫ್ಯಾನ್ ಮಾರಿದ ಅಂಗಡಿಗೆ ಆ ಗಿರಾಕಿ ಮತ್ತೆ ಬಂದೇ ಬರುತ್ತಾನೆ.

ಡಿಸ್ಟಿಲ್ಡ್ ವಾಟರ್ ವಿಷಯದಲ್ಲೂ ಒಂದು ಎಚ್ಚರಿಕೆ ಹೇಳಿ ಕಳಿಸಿ. ಬ್ಯಾಟರಿಗೂ ಡಿಸ್ಟಿಲ್ಡ್ ವಾಟರ್, ಹ್ಯುಮಿಡಿಫೈಯರ್‌ಗೂ ಡಿಸ್ಟಿಲ್ಡ್ ವಾಟರ್ ಅಂತ ಮನೆಯಲ್ಲಿ ಒಂದೇ ಕ್ಯಾನ್ ಇಟ್ಟುಕೊಳ್ಳುವವರಿದ್ದಾರೆ. ಬ್ಯಾಟರಿಗೆ ಸುರಿಯುವಾಗ ಆಸಿಡ್ ತಾಗಿದ ಲಾಳಿಕೆ, ಧೂಳು ಬಿದ್ದ ಕ್ಯಾನ್, ಅದೇ ನೀರು ಉಸಿರಿಗೆ ಹೋಗಬಾರದು. ಹ್ಯುಮಿಡಿಫೈಯರ್‌ದು ಬೇರೆಯೇ ಇರಲಿ, ಮೆಡಿಕಲ್ ಸ್ಟೋರ್‌ನಿಂದ ತಂದದ್ದು. ಅದು ಸಿಗದ ದಿನ ಕಾಯಿಸಿ ಆರಿಸಿದ ಶುದ್ಧ ನೀರು ಬಳಸಿ, ಡಬ್ಬಿ ದಿನಾ ತೊಳೆಯಿರಿ.

ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತೆ. ಯಂತ್ರದ ಹತ್ತಿರ ಇರಲಿ ಅಂತ ಅದನ್ನು ಮಲಗುವ ಕೋಣೆಯ ಮಂಚದ ಕೆಳಗೆ ಇಡಿಸಬೇಡಿ. ದೇವರ ದೀಪದ ಪಕ್ಕವಂತೂ ಬೇಡ.

ಎಲ್ಲ ಕೈಕೊಟ್ಟ ರಾತ್ರಿ

ಬ್ಯಾಟರಿಯೂ ಖಾಲಿ, ಕರೆಂಟೂ ಇಲ್ಲ. ಆಗ ಗಾಬರಿ ಬೇಡ. ಮೊದಲು ಮಾಸ್ಕ್ ತೆಗೆಯಿರಿ. ನಿಂತ ಯಂತ್ರದ ಮಾಸ್ಕನ್ನು ಬಿಗಿಯಾಗಿ ಹಾಕಿಕೊಂಡು ಮಲಗಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡಂತೆ. ಬಾಯಿ ಮೂಗು ಎರಡೂ ಮುಚ್ಚುವ ಮಾಸ್ಕ್‌ಗಳಲ್ಲಿ ಹೊರಗಿನ ಗಾಳಿ ಬರಲು ಒಂದು ವಾಲ್ವ್ ಇರುತ್ತೆ, ಆದರೆ ಅದು ಆ ಕ್ಷಣದ ರಕ್ಷಣೆಗೆ, ರಾತ್ರಿಯಿಡೀ ಮಲಗಲು ಅಲ್ಲ.

ಮಗ್ಗುಲಾಗಿ ಮಲಗಿ, ಅಂಗಾತ ಬೇಡ. ತಲೆ ಎದೆ ಸ್ವಲ್ಪ ಎತ್ತರದಲ್ಲಿರಲಿ. ಕುಡಿತ, ನಿದ್ದೆ ಮಾತ್ರೆ ಎರಡೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ, ಅವತ್ತು ಬೇಡವೇ ಬೇಡ. ಹೆಚ್ಚಿನವರಿಗೆ ಒಂದು ರಾತ್ರಿ ತಪ್ಪಿದರೆ ಪ್ರಾಣಾಪಾಯ ಇಲ್ಲ. ಆದರೆ ಮರುದಿನ ಹಳೇ ತೂಕಡಿಕೆ ವಾಪಸ್ ಬಂದಿರುತ್ತೆ. ಅಂಥ ದಿನ ಕಾರು, ಬೈಕು, ಟ್ರ್ಯಾಕ್ಟರ್ ಸ್ಟೇರಿಂಗ್ ಬೇರೆಯವರ ಕೈಗೆ ಕೊಡಿ. ಹೃದಯದ ತೊಂದರೆ ಇರುವವರು, ಬೈಪ್ಯಾಪ್ ಅಥವಾ ಆಕ್ಸಿಜನ್ ಜೊತೆ ಬಳಸುವವರ ವಿಷಯ ಬೇರೆ. ‘ಕರೆಂಟು ಹೋದರೆ ನಾನೇನು ಮಾಡಬೇಕು’ ಅಂತ ಅವರು ತಮ್ಮ ವೈದ್ಯರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಮುಖ ನೀಲಿಗಟ್ಟಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ 108ಕ್ಕೆ ಕರೆ ಮಾಡಿ.

ಕರೆಂಟು ಹೋದಾಗ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912 ಸಹಾಯವಾಣಿಗೆ ದೂರು ಕೊಡಿ. ‘ಯಾರಾದ್ರೂ ಮಾಡಿರ್ತಾರೆ ಬಿಡು’ ಅಂತ ಎಲ್ಲರೂ ಅಂದುಕೊಂಡರೆ ಯಾರೂ ಮಾಡಿರಲ್ಲ. ಪತ್ರಿಕೆಯಲ್ಲಿ ಬರುವ ‘ನಾಳೆ ವಿದ್ಯುತ್ ವ್ಯತ್ಯಯ’ ಸುದ್ದಿ ಓದಿ, ಹಿಂದಿನ ದಿನವೇ ಬ್ಯಾಟರಿ ತುಂಬಿಸಿಕೊಳ್ಳಿ.

ಕೊನೆಗೆ ಒಂದು ಮಾತು. ಕರೆಂಟಿನ ರಗಳೆಗೆ ಬೇಸತ್ತು ಯಂತ್ರವನ್ನು ಬೀರುವಿಗೆ ಸೇರಿಸುವವರು ಬಹಳ. ನಾವೂ ಎರಡು ವಾರ ಹಾಗೇ ಮಾಡಿದ್ದೆವು. ಆ ಎರಡು ವಾರದಲ್ಲಿ ಅಪ್ಪನ ಗೊರಕೆ ಮಧ್ಯದ ಮೌನವನ್ನು ಎಣಿಸುತ್ತಾ ಅಮ್ಮ ಎಚ್ಚರವಾಗಿ ಕೂತಿದ್ದು ನಮಗೆ ಆಮೇಲೆ ಗೊತ್ತಾಯಿತು. ಈಗ ಸೈನ್ ವೇವ್ ಇನ್ವರ್ಟರ್ ಇದೆ, ಅಪ್ಪನ ಕೋಣೆಗೆ ಒಂದು ಬಿಎಲ್‌ಡಿಸಿ ಫ್ಯಾನ್ ಇದೆ, ಕರೆಂಟು ಹೋದ ಕೂಡಲೇ ಹ್ಯುಮಿಡಿಫೈಯರ್ ಆಫ್ ಮಾಡೋದು ಅಮ್ಮನೇ ಕಲಿತಿದ್ದಾರೆ. ಮಳೆ ಬಂದರೂ ಇಬ್ಬರೂ ನಿದ್ದೆ ಮಾಡುತ್ತಾರೆ.

ನೆನಪಿರಲಿ:
• ಬ್ಯಾಟರಿ ಮೇಲೆ ಓಡಿಸುವಾಗ ಹ್ಯುಮಿಡಿಫೈಯರ್, ಬಿಸಿ ಪೈಪ್ ಆಫ್.
• ಪ್ಯೂರ್ ಸೈನ್ ವೇವ್ ಇನ್ವರ್ಟರ್, ಯುಪಿಎಸ್ ಮೋಡ್.
• ರಾತ್ರಿ ಒಂದೇ ಫ್ಯಾನ್, ಆದರೆ ಬಿಎಲ್‌ಡಿಸಿ.
• ನೇರ ಡಿಸಿ ಕೊಡುವ ಮುಂಚೆ 12 ವೋಲ್ಟೋ, 24 ವೋಲ್ಟೋ ನೋಡಿ.
• ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಪರೀಕ್ಷೆ.
• ಗಾಳಿಯ ಒತ್ತಡದ ಸೆಟ್ಟಿಂಗ್ ಮಾತ್ರ ನೀವಾಗಿ ಬದಲಿಸಬೇಡಿ, ಅದು ವೈದ್ಯರ ಕೆಲಸ.